ಬಾನೆಟ್ ಮುಟ್ಟುವ ಮೊದಲು ಕುಡಿದ ಕಾಫಿ

ಈ ವಯಸ್ಸಿನಲ್ಲಿ ನನಗೆ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ಬೇಕಿತ್ತಾ ಎಂದು ಕೇಳಬೇಡಿ. ನನ್ನ ಹೆಂಡತಿ ಕೇಳಿ ಆಗಿದೆ. ಬೇಕಿತ್ತು, ಅಷ್ಟೇ.

ತಿತಿಮತಿ ಹತ್ತಿರದ ಎಸ್ಟೇಟಿನಲ್ಲಿ ಅಂಥದ್ದೊಂದು ಹಳೇ ಕಾರು ಮಾರಾಟಕ್ಕಿದೆ ಎಂದು ಗೊತ್ತಾದ ದಿನವೇ ಕುಶಾಲನಗರದ ನನ್ನ ಮೆಕ್ಯಾನಿಕ್ ಹತ್ತಿರ ಓಡಿದೆ. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಮೊದಲ ಸ್ಕೂಟರಿನಿಂದ ಈಗಿನ ಪಿಕಪ್‌ವರೆಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿದವರು. ನಮ್ಮ ಕಡೆ ಯಾರು ಹಳೇ ಗಾಡಿ ಕೊಳ್ಳಬೇಕಾದರೂ ಮೊದಲು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರು ಹ್ಞೂಂ ಅಂದರೆ ವ್ಯಾಪಾರ, ಇಲ್ಲದಿದ್ದರೆ ವಾಪಸ್ಸು.

ಮರುದಿನ ಬೆಳಿಗ್ಗೆಯೇ ಇಬ್ಬರೂ ಹೊರಟೆವು. ದಾರಿಯಲ್ಲಿ ಪಾಠ ಶುರುವಾಯಿತು. "ಹೋದ್ ತಕ್ಷಣ ಬಾನೆಟ್ ಮೇಲೆ ಕೈ ಇಡ್ಬೇಕು. ಎಂಜಿನ್ ತಣ್ಣಗಿರ್ಬೇಕು. ಬೆಳಿಗ್ಗೆ ಮೊದ್ಲ ಸಲ ಸ್ಟಾರ್ಟ್ ಮಾಡ್ದಾಗ್ಲೇ ಒಳಗಿನ ಕಾಯಿಲೆ ಗೊತ್ತಾಗೋದು. ಆಯಿಲ್ ಸುಡ್ತಿದ್ರೆ ನೀಲಿ ಹೊಗೆ ಬಿಡುತ್ತೆ. ಬಿಸಿ ಆದ್ಮೇಲೆ ಎಲ್ಲಾ ಗಾಡೀನೂ ಒಳ್ಳೇದೇ."

"ನನ್ ಥರಾನೇ ಅನ್ನಿ. ಕಾಫಿ ಕುಡಿಯೋವರ್ಗೂ ಸರಿ ಇರಲ್ಲ."

"ನೀನು ಕುಡುದ್ಮೇಲೂ ಸರಿ ಇರಲ್ಲ ಬಿಡು."

ಮಾಲೀಕರು ಮೆಟ್ಟಿಲ ಮೇಲೇ ಕಾಯುತ್ತಿದ್ದರು. ಕಾರಿನ ಸೀಟು ನೆಲಕ್ಕೆ ಅಂಟಿಕೊಂಡ ಹಾಗಿದೆ, ಒಮ್ಮೆ ಕೂತರೆ ಏಳಲು ಇಬ್ಬರು ಬೇಕು, ಅದಕ್ಕೇ ಮಾರುತ್ತಿದ್ದೇನೆ ಎಂದು ನಗಿಸಿದರು. "ಬನ್ನಿ ಬನ್ನಿ, ಮೊದ್ಲು ಕಾಫಿ."

ನಮ್ಮ ಮೆಕ್ಯಾನಿಕ್ ಆಗಲೇ ಕಾರು ನಿಂತಿದ್ದ ಶೆಡ್ಡಿನ ಕಡೆ ನಾಲ್ಕು ಹೆಜ್ಜೆ ಹಾಕಿದ್ದರು. ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಹಸು ನೋಡಲು ಬಂದವನೂ ಮೊದಲು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾನೆ, ಆಮೇಲೆ ಕೊಟ್ಟಿಗೆಗೆ ಹೋಗುತ್ತಾನೆ. ನೇರವಾಗಿ ಹೋದರೆ ಮನೆಯವರನ್ನು ನಂಬದ ಹಾಗೆ.

"ಅಣ್ಣ, ಕಾರೇನು ಓಡೋಗುತ್ತಾ? ಬನ್ನಿ ಒಳಗೆ" ಎಂದೆ. ಅವರು ನನ್ನ ಮುಖ ನೋಡಿದರು. ಬಂದರು.

ಕಾಫಿಯ ಜೊತೆ ಕಡುಬು ಬಂತು. ಎರಡನೇ ಕಡುಬಿಗೆ ಕೈ ಹಾಕುವಾಗ ಶೆಡ್ಡಿನಿಂದ ಎಂಜಿನ್ ಸದ್ದು ಕೇಳಿತು. ಮೆಕ್ಯಾನಿಕ್ ಲೋಟ ಕೆಳಗಿಟ್ಟರು.

"ಡ್ರೈವರ್ ಸ್ಟಾರ್ಟ್ ಮಾಡಿದ್ದಾನೆ" ಎಂದರು ಮಾಲೀಕರು. "ನೀವು ಬಂದ್ಮೇಲೆ ಕಾಯೋದ್ ಬೇಡ ಅಂತ."

ಅದು ಉಪಚಾರವೋ ಉಪಾಯವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಾವು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿತ್ತು. ಹೊಗೆ ಇಲ್ಲ, ಒಂದು ಅಪಸ್ವರವೂ ಇಲ್ಲ. ಓಡಿಸಿದೆ. ಹಾರಿತು. ಮೆಕ್ಯಾನಿಕ್ ಸೈಲೆನ್ಸರ್ ತುದಿಯೊಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ, ಅಂಟಿದ ಮಸಿಯನ್ನು ಉಜ್ಜಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ಜಿಡ್ಡಿದೆ, ಆಯಿಲ್ ಸುಡ್ತಿರೋ ಹಂಗಿದೆ. ಇವತ್ ಬೇಡ. ಇನ್ನೊಂದಿನ ಹೇಳ್ದೆ ಕೇಳ್ದೆ ಬೆಳಿಗ್ಗೆ ಬರಣ."

"ಅವ್ರ್ ಮನೇಲಿ ತಿಂದು ಅವ್ರ ಮೇಲೇ ಅನುಮಾನ ಪಡಕ್ಕಾಗುತ್ತಾ ಅಣ್ಣ?"

"ನಾನಂತೂ ಬೇಡ ಅಂತೀನಿ. ಮುಂದೆ ನಿನ್ನಿಷ್ಟ."

ನಾನು ಹೋಗಿ ಮಾಲೀಕರ ಕೈ ಕುಲುಕಿದೆ. ಬರುವಾಗ ಮೆಕ್ಯಾನಿಕ್ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು.

ಕಾರು ಮನೆಗೆ ಬಂದ ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳದ ತುಂಬ ನೀಲಿ ಹೊಗೆ. ಪಕ್ಕದ ಮನೆಯವರು ಸೊಳ್ಳೆಗೆ ಹೊಗೆ ಹಾಕಿದ್ದಾ ಎಂದು ಕೇಳಿದರು. ನಮ್ಮ ಮೆಕ್ಯಾನಿಕ್‌ಗೆ ಮುಖ ತೋರಿಸಲಾಗದೆ ಮೈಸೂರಿಗೆ ಒಯ್ದೆ. ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಇಳಿಸಬೇಕು ಎಂದರು.

ಅಷ್ಟರಲ್ಲಿ ನಾನು ಕಾರಿನ ಫೋಟೋ ಇಲ್ಲಿ, ನಮ್ಮೂರಿನವರ ಈ ಆನ್‌ಲೈನ್ ಗುಂಪಿನಲ್ಲಿ ಹಾಕಿ ಮೆರೆದಾಗಿತ್ತು. ಹೊಗೆಯ ಸುದ್ದಿ ಹಬ್ಬಿ ನೀವೆಲ್ಲ ಕಾಲೆಳೆಯಲು ಶುರು ಮಾಡಿದಿರಿ. ಆಗ ನಾನು ಕಾಮೆಂಟಿನಲ್ಲಿ ಒಂದು ಸಾಲು ಬರೆದೆ: "ಏನ್ ಮಾಡೋದು, ನಮ್ಮ ಮೆಕ್ಯಾನಿಕ್ ನೋಡಿ ಓಕೆ ಅಂದಿದ್ರು." ಕೊನೆಗೆ ನಗುವ ಗೊಂಬೆಯನ್ನೂ ಹಾಕಿದೆ. ಹೆಸರು ಬರೆಯಲಿಲ್ಲ. ನಮ್ಮೂರಿನವರಿಗೆ ಹೆಸರು ಬೇಕಾಗಿರಲಿಲ್ಲ.

ಕೆಲವು ತಿಂಗಳ ನಂತರ ಪಕ್ಕದ ಮನೆಯವರು ಹಳೇ ಜೀಪು ನೋಡಲು ಮೈಸೂರಿನಿಂದ ಬೇರೆ ಯಾರನ್ನೋ ಕರೆಸಿದರು. ಯಾಕೆ ಎಂದೆ. "ನಿಮ್ ಮೆಕ್ಯಾನಿಕ್ಕು ನಿಮ್ಗೇ ಹಂಗ್ ಮಾಡಿದ್ರಂತಲ್ಲ, ಇನ್ ನಮ್ಮನ್ನ ಬಿಡ್ತಾರಾ?" ಎಂದರು. ನಾನು ಅಲ್ಲೇ ನಿಜ ಹೇಳಬಹುದಿತ್ತು. ಗೇಟು ಹಾಕಿಕೊಂಡು ಒಳಗೆ ಬಂದೆ.

ಕಳೆದ ವಾರ ಕೊನೆಗೂ ನಮ್ಮ ಮೆಕ್ಯಾನಿಕ್ ಶೆಡ್ಡಿಗೆ ಹೋದೆ. ಅವರು ಒಂದು ಪಿಕಪ್ ಕೆಳಗೆ ಮಲಗಿದ್ದರು.

"ಅಣ್ಣ, ನಾನು ಹಂಗ್ ಬರೀಬಾರ್ದಿತ್ತು."

"ಬರ್ದಾಯ್ತಲ್ಲ" ಎಂದು ಕೈ ಚಾಚಿದರು. "ಆ ಹದಿನಾಲ್ಕರ ಸ್ಪ್ಯಾನರ್ ಕೊಡು."

ಕೊಟ್ಟೆ. ಮೊದಲೆಲ್ಲ ನನ್ನ ಚಪ್ಪಲಿ ಸದ್ದಾದರೆ ಸಾಕು, ಎದುರಿನ ಹೋಟೆಲಿಗೆ ಎರಡು ಕಾಫಿ ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಅವತ್ತು ಒಂದು ಗಂಟೆ ಕೂತಿದ್ದೆ. ಕೂಗಲಿಲ್ಲ.

ಅವರು ಫೋನಿನಲ್ಲಿ ಇದನ್ನೆಲ್ಲ ಓದುವವರಲ್ಲ. ಆದರೆ ಸುಳ್ಳು ಬರೆದದ್ದು ಇಲ್ಲಿ, ಅದಕ್ಕೆ ನಿಜವನ್ನೂ ಇಲ್ಲೇ ಬರೆಯುತ್ತಿದ್ದೇನೆ. ಅವರು ಬೇಡ ಅಂದಿದ್ದರು. ಕೇಳದೇ ಹೋದವನು ನಾನು. ಅವತ್ತು ನಕ್ಕವರೆಲ್ಲ ದಯವಿಟ್ಟು ಇದನ್ನೂ ಓದಿ.