ಶುಕ್ರವಾರದ ಪ್ರಾರ್ಥನೆ

ಸಿಂದಗಿಯ ಮಾರ್ತವ್ವ ಜೋಳದ ರೊಟ್ಟಿ ಬಡಿದು ಮಾರಿ ಬದುಕಿದವಳು. ಗಂಡ ತೀರಿದ ಮೇಲೆ ಊರಿನ ಕ್ರೈಸ್ತ ಸಭೆಯ ಹೆಂಗಸರ ಶುಕ್ರವಾರದ ಪ್ರಾರ್ಥನೆ ಅವಳ ಮನೆಯಲ್ಲೇ ನಡೆಯುತ್ತಿತ್ತು.

ಒಂದು ಶುಕ್ರವಾರ ಸಾರವ್ವ ಸೆರಗು ಎಳೆದುಕೊಂಡು ಮೆಲ್ಲಗೆ ಶುರುಮಾಡಿದಳು: "ನಮ್ಮ ರೆಬೆಕ್ಕನ ಸಲುವಾಗಿ ಪ್ರಾರ್ಥನಾ ಮಾಡೂಣ್ರಿ. ಗಂಡನ್ನ ಬಿಟ್ಟು ಆಲಮೇಲದಾಗ ಯಾವನ ಜೋಡಿನೋ ಅದಾಳಂತ."

"ಯಾವನಂತ?" ಮುಚ್ಚಿದ ಕಣ್ಣುಗಳೆಲ್ಲ ತೆರೆದವು. ಅವನ ಊರು, ಕುಲ, ಕಸುಬು ಎಲ್ಲ ಕೆದಕಿ, ಬಾಯಿ ಚಪ್ಪರಿಸಿ, "ಕರ್ತನೇ, ಆ ಪಾಪಿಯನ್ನು ಕ್ಷಮಿಸು" ಎಂದು ಮತ್ತೆ ಕಣ್ಣು ಮುಚ್ಚಿದರು. ಮಾರ್ತವ್ವನಿಗೆ ಅವರು ಎಂಜಲೆಲೆಗೆ ಮುತ್ತಿದ ನೊಣಗಳಂತೆ ಕಂಡರು.

ರೆಬೆಕ್ಕನ ಗಂಡ ಸಭೆಯಲ್ಲಿ ತಬಲಾ ಬಾರಿಸುವವನು. ಹೆಂಡತಿಯನ್ನು ಬಡಿಯುವ ಅವನ ಕೈಗಾಗಿ ಯಾರೂ ಎಂದೂ ಪ್ರಾರ್ಥಿಸಿರಲಿಲ್ಲ. ಹೊಡೆತ ತಾಳದೆ ಆಲಮೇಲದ ಅಕ್ಕನ ಮನೆಗೆ ಹೋಗುತ್ತೇನೆಂದು ರೆಬೆಕ್ಕ ತನಗೆ ಗುಟ್ಟಾಗಿ ಹೇಳಿದ್ದನ್ನು ಸಾರವ್ವನ ಕಿವಿಗೆ ಹಾಕಿದವಳು ಸ್ವತಃ ಮಾರ್ತವ್ವ. ಅದೂ ಪ್ರಾರ್ಥನೆಯ ನೆಪದಲ್ಲಿ. ಅವಳಿಗೆ ತನ್ನ ನಾಲಿಗೆಯೇ ಹೇಸಿಗೆಯೆನಿಸಿತು.

"ಸಾಕು, ಏಳ್ರವ್ವ! ಇದು ಪ್ರಾರ್ಥನಾ ಅಲ್ಲ, ಚಾಡಿ. ಆಕಿ ಅಕ್ಕನ ಮನ್ಯಾಗ ಅದಾಳ. ಮಾತು ಹೊರಗ ಹಾಕಿದಾಕಿ ನಾನ. ನನ್ನ ಬಾಯಾಗ ಹುಳ ಬೀಳಲಿ."

ಮರುದಿನ ಅವಳು ಆಲಮೇಲದ ಬಸ್ಸು ಹತ್ತಿದಳು. ರೆಬೆಕ್ಕ ಬಾಗಿಲಲ್ಲೇ ತಡೆದು ಕೇಳಿದಳು: "ನನ್ನ ಸಲುವಾಗಿ ಪ್ರಾರ್ಥನಾ ಮಾಡಾಕ ಬಂದೀರೇನು, ಚಿಗವ್ವ?"

"ಇಲ್ಲವ್ವಾ. ತಪ್ಪಾತು ಅನ್ನಾಕ ಬಂದೇನಿ."

ರೆಬೆಕ್ಕ ಕ್ಷಮಿಸಿದೆ ಎನ್ನಲಿಲ್ಲ, ಒಳಗೂ ಕರೆಯಲಿಲ್ಲ. ಒಂದು ತಂಬಿಗೆ ನೀರು ಕೊಟ್ಟು ಬಾಗಿಲು ಹಾಕಿಕೊಂಡಳು. ಮಾರ್ತವ್ವ ಕಟ್ಟೆಯ ಮೇಲೆ ಕೂತು, ಕುಡಿಯುವ ಬದಲು ಬಾಯಿ ಮುಕ್ಕಳಿಸಿ ಉಗಿದಳು. ಬಾಯಿಯ ಹೇಸಿಗೆ ಮಾತ್ರ ಹೋಗಲಿಲ್ಲ.