ಬುಧವಾರದ ಇಡೀ ತುಂಡು

ಓದುತ್ತಿರುವ ನಿಮಗೆಲ್ಲ ನಮಸ್ಕಾರ. ನಾನು ಬರೆದು ರೂಢಿ ಇರುವವನಲ್ಲ. ಹತ್ತನೇ ತರಗತಿ ಪಾಸು ಮಾಡಿದ್ದೇ ಮದುವೆಯಾದ ಮೇಲೆ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ದೀರ್ಘ, ಒತ್ತು ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇದನ್ನೆಲ್ಲ ಎಬ್ಬಿಸಿದ್ದು ವಿನೆಗರ್ ವಾಸನೆ. ಕಳೆದ ವಾರ ನನ್ನ ಮಗಳು ಆಫೀಸಿಗೆ ಹೊರಡುವ ಮುಂಚೆ ಅಡುಗೆಮನೆಯಲ್ಲಿ ನಿಂತು, ಫೋನಿನಲ್ಲಿ ವಿಡಿಯೊ ಹಾಕಿಕೊಂಡು, ಬೀಫಿನ ಒಂದು ದೊಡ್ಡ ತುಂಡಿಗೆ ವಿನೆಗರ್ ಸವರುತ್ತಿದ್ದಳು. ಕೆಲಸಕ್ಕೆ ಹೋಗುವವರು ವಾರದ ನಡುವೆ ಸುಲಭವಾಗಿ ಮಾಡಿಕೊಳ್ಳುವ ಪಾಟ್ ರೋಸ್ಟ್ ಅಂತೆ. ವಿಡಿಯೊದಲ್ಲಿದ್ದ ಹುಡುಗಿ ತಾನೇ ಕಂಡುಹಿಡಿದ ಹಾಗೆ ಹೇಳುತ್ತಿದ್ದಳು.

"ಮೊದ್ಲು ಫೋರ್ಕಲ್ಲಿ ಚುಚ್ಚಮ್ಮ. ಇಲ್ದಿದ್ರೆ ಉಪ್ಪು ಒಳಕ್ಕೆ ಹೋಗಲ್ಲ," ಅಂದೆ.

"ಉಂಗಳುಕ್ಕು ಎಪ್ಪಡಿಪ್ಪಾ ತೆರಿಯುಂ?" ಅಂದಳು. ನಿಮಗೆ ಹೇಗಪ್ಪ ಗೊತ್ತು ಅಂತ. ನಾನು ಕನ್ನಡದಲ್ಲಿ ಏನೇ ಹೇಳಿದರೂ ಅವಳು ಉತ್ತರ ಕೊಡುವುದು ತಮಿಳಿನಲ್ಲೇ.

ಹೇಗೆ ಗೊತ್ತು... ಹೇಳಲು ಹೋದರೆ ಬಾಯಿ ಕಹಿಯಾಗುತ್ತದೆ. ಬಸ್ಸಿಗೆ ಹೊತ್ತಾಯಿತು ಅಂತ ಅವಳು ಹೊರಟುಹೋದಳು. ನಾನು ತುಂಡನ್ನು ಫ್ರಿಜ್ಜಿನಲ್ಲಿಟ್ಟು, ಕೈಗೆ ಅಂಟಿದ ಆ ವಾಸನೆ ಮೂಸುತ್ತ ಕೂತೆ.

ರೈಲ್ವೆ ವರ್ಕ್‌ಶಾಪಿನಲ್ಲಿ ಹೆಲ್ಪರ್ ಕೆಲಸ ಸಿಕ್ಕಿ ನಾನು ಬಂಗಾರಪೇಟೆಯಿಂದ ಮದ್ರಾಸಿಗೆ ಬಂದಾಗ, ಪೆರಂಬೂರಿನ ಒಂದು ಹಳೇ ಮನೆಯ ಮಹಡಿ ಪೋರ್ಷನ್ ಬಾಡಿಗೆಗೆ ಸಿಕ್ಕಿತ್ತು. ಕೆಳಗೆ ಎರಡು ಪೋರ್ಷನ್. ಮುಂದಿನದರಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಹೆಂಗಸು ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಗ್ಮೋರ್ ಕಡೆ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಬೀದಿಗೆಲ್ಲ ಅವರು ಆಂಟಿ. ನಮಗೂ ಆಂಟಿಯೇ ಆದರು.

ಹಾಸಿಗೆ ಸುರುಳಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ನನ್ನನ್ನು ನಿಲ್ಲಿಸಿ ತಮಿಳಿನಲ್ಲಿ ಊರು ಕೇಳಿದರು. ಬಂಗಾರಪೇಟೆ ಅಂದೆ. ಮುಖ ಅರಳಿತು.

"ಬೌರಿಂಗ್‌ಪೇಟ್ ಅನ್ನು ಮ್ಯಾನ್. ನನ್ ಡ್ಯಾಡಿ ಅಲ್ಲಿ ಇಂಜಿನ್ ಡ್ರೈವರ್ ಇದ್ರು. ನಾನು ಅಲ್ಲೇ ಸ್ಕೂಲ್ ಹೋಗಿದ್ದು. ಕನ್ನಡ ಬರ್ತದೆ ನಂಗೆ, ಬೈಯೋದು ಇನ್ನೂ ಚೆನ್ನಾಗಿ ಬರ್ತದೆ."

ನಮ್ಮ ಊರಿನ ಹಳೇ ಹೆಸರನ್ನು ನಾನು ಕೇಳಿದ್ದು ನಮ್ಮ ತಾತನ ಬಾಯಲ್ಲಿ, ಆಮೇಲೆ ಅವರ ಬಾಯಲ್ಲಿ.

ನಾವು ಬಂದ ವಾರವೇ, ಬುಧವಾರ ಸಾಯಂಕಾಲ, ಮೆಟ್ಟಿಲ ಮೇಲೆ ಒಂದು ವಾಸನೆ ಹತ್ತಿ ಬಂತು. ಮೆಣಸು, ಸುಟ್ಟ ಈರುಳ್ಳಿ, ಅದರ ಕೆಳಗೆ ಇನ್ನೊಂದು... ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಇನ್ನೊಂದು ನಮಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ.

ನಮ್ಮ ಮನೆಗಳಲ್ಲಿ ಅದರ ಹೆಸರು ಹೇಳುತ್ತಿರಲಿಲ್ಲ. 'ದೊಡ್ಡದು' ಅನ್ನುತ್ತಿದ್ದರು. ನಮ್ಮಪ್ಪ ಅದನ್ನು ಚೀಲದಲ್ಲಿ ಸೊಪ್ಪಿನ ಕೆಳಗೆ ಇಟ್ಟುಕೊಂಡು, ದೊಡ್ಡ ಬೀದಿ ಬಿಟ್ಟು ಕೆರೆ ಏರಿ ಮೇಲೆ ನಡೆದು ತರುತ್ತಿದ್ದರು. ನಮ್ಮಮ್ಮ ಬಾಗಿಲು ಮುಂದೆ ಮಾಡಿಕೊಂಡು ಸಣ್ಣಗೆ ಹೆಚ್ಚುತ್ತಿದ್ದರು. ಸಣ್ಣಗೆ ಹೆಚ್ಚಿದರೆ ಬೇಗ ಬೇಯುತ್ತದೆ, ಎಲ್ಲರಿಗೂ ಬರುತ್ತದೆ, ಯಾರಾದರೂ ಇಣುಕಿದರೆ ಏನು ಅಂತ ತಿಳಿಯುವುದಿಲ್ಲ. ಶಾಲೆಗೆ ಹೋಗುವಾಗ ಬಾಯಿ ತೊಳೆದಿದ್ದೀಯಾ ಅಂತ ಎರಡೆರಡು ಸಲ ಕೇಳುತ್ತಿದ್ದರು.

ಆಂಟಿ ನಮ್ಮನ್ನು ಊಟಕ್ಕೆ ಕರೆದು, ಮೇಜಿನ ಮಧ್ಯೆ ಒಂದು ಬಿಳೀ ತಟ್ಟೆ ಇಟ್ಟರು. ಅದರ ಮೇಲೆ ಇಡೀ ತುಂಡು. ಕತ್ತರಿಸಿರಲಿಲ್ಲ. ಕಪ್ಪಗೆ ಹೊಳೆಯುತ್ತ, ಸುತ್ತ ಆಲೂಗಡ್ಡೆ ಕೂರಿಸಿಕೊಂಡು, ಮನೆಗೆ ಬಂದ ದೊಡ್ಡ ಮನುಷ್ಯನ ಹಾಗೆ ಕೂತಿತ್ತು. ಗೋಡೆಯ ಮೊಳೆಯಿಂದ ಉದ್ದ ಚಾಕು ತೆಗೆದು ನಮ್ಮೆದುರೇ ತೆಳ್ಳಗೆ ಕೊಯ್ದು ಬಡಿಸಿದರು. ಬೀದಿ ಕಡೆಯ ಕಿಟಕಿ ತೆರೆದೇ ಇತ್ತು. ನನ್ನ ಹೆಂಡತಿ ಎರಡು ಸಲ ಆ ಕಿಟಕಿ ಕಡೆ ನೋಡಿದಳು.

"ಏನು ನೋಡ್ತೀ ಚೈಲ್ಡ್? ಗಾಳಿ ಬರ್ತದೆ, ತಿನ್ನು," ಅಂದರು ಆಂಟಿ.

ಭಾನುವಾರ ಬಿಟ್ಟು ಬುಧವಾರ ಯಾಕೆ ಅಂತ ಆಮೇಲೊಮ್ಮೆ ಕೇಳಿದೆ. "ಸಂಡೇ ಎಲ್ಲಾ ಕಳ್ಳರೂ ಚೆನ್ನಾಗಿ ತಿಂತಾರೆ. ವಾರದ ಮಧ್ಯೆ, ಕೆಲಸ ಮಾಡಿ ಸಾಯೋ ದಿವಸ ತಿನ್ಬೇಕು ಮ್ಯಾನ್. ಆವಾಗ ಗೊತ್ತಾಗ್ತದೆ, ನಾವು ಬದುಕಿದ್ದೀವಿ ಅಂತ."

ಮಾಡುವುದು ಕಷ್ಟವಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತುಂಡನ್ನು ಫೋರ್ಕಿನಲ್ಲಿ ಚುಚ್ಚಿ, ಉಪ್ಪು, ಕುಟ್ಟಿದ ಮೆಣಸು, ಶುಂಠಿ ಬೆಳ್ಳುಳ್ಳಿ, ವಿನೆಗರ್ ಸವರಿ ಫ್ರಿಜ್ಜಿನಲ್ಲಿಡುತ್ತಿದ್ದರು. ಸಾಯಂಕಾಲ ಲೋಕಲ್ ಟ್ರೈನ್ ಇಳಿದು ಬಂದವರು ಬಟ್ಟೆಯನ್ನೂ ಬದಲಾಯಿಸದೆ ಕುಕ್ಕರಿನಲ್ಲಿ ಎಣ್ಣೆ ಕಾಯಿಸಿ, ತುಂಡನ್ನು ಎಲ್ಲ ಕಡೆ ತಿರುಗಿಸಿ ಕೆಂಪಗೆ ಮಾಡಿ, ಈರುಳ್ಳಿ, ಒಣಮೆಣಸಿನಕಾಯಿ, ಚಕ್ಕೆ ಹಾಕಿ, ಸ್ವಲ್ಪವೇ ನೀರು ಬಿಟ್ಟು ಮುಚ್ಚುತ್ತಿದ್ದರು. ಅದು ಕೂಗುತ್ತಿರುವಾಗ ಇವರ ಸ್ನಾನ ಮುಗಿಯುತ್ತಿತ್ತು. ಮಾಂಸ ಬೆಂದ ಮೇಲೆ ಆಲೂಗಡ್ಡೆ. ಮೊದಲೇ ಹಾಕಿದರೆ ಕರಗಿಹೋಗುತ್ತದೆ. ಕೊನೆಗೆ ಮುಚ್ಚಳ ತೆಗೆದು ರಸ ಬತ್ತಿಸುವುದು. ಕೊಯ್ಯುವ ಮುಂಚೆ ಸ್ವಲ್ಪ ಹೊತ್ತು ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. "ಅದಕ್ಕೂ ಸುಸ್ತಾಗಿರ್ತದೆ, ಬಿಡು," ಅನ್ನುತ್ತಿದ್ದರು.

ಹಿಂದಿನ ಪೋರ್ಷನ್ನಿನಲ್ಲಿ ಒಬ್ಬರು ಕನ್ನಡದವರೇ ಇದ್ದರು. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಮೂರು ತಲೆಮಾರಿನಿಂದ ಮದ್ರಾಸು, ಅವರ ಕನ್ನಡದಲ್ಲಿ ಅರ್ಧ ತಮಿಳು. ನಾವು ಇನ್ಶೂರೆನ್ಸ್ ಅಣ್ಣ ಅನ್ನುತ್ತಿದ್ದೆವು. ಅವರ ಮನೆಗೆ ಮೊಟ್ಟೆ ಕೂಡ ಬರುವಂತಿರಲಿಲ್ಲ. ಬುಧವಾರ ಸಾಯಂಕಾಲ ಅವರ ಹೆಂಡತಿ, ಮಗಳು ಭಜನೆಗೆ ಹೋಗುತ್ತಿದ್ದರು. ಅಣ್ಣ ಆಂಟಿಯ ಮನೆಗೆ ಪೇಪರ್ ಓದಲು ಬರುತ್ತಿದ್ದರು.

"ಎನ್ನ ಆಂಟಿ, ಇವತ್ತು ಮಟನಾ?" ಅನ್ನುತ್ತಲೇ ಕುರ್ಚಿ ಎಳೆದುಕೊಳ್ಳುವರು.

"ಮಟನೇ. ಕೂತ್ಕೊ ಮ್ಯಾನ್."

"ಭಾರೀ ಕುರಿ ಇರ್ಬೇಕಲ್ಲಣ್ಣ," ಅಂದೆ ನಾನು ಒಂದು ಸಲ. "ಒಂದು ತೊಡೇಲಿ ಇಷ್ಟು ಬಂದೈತೆ."

"ಮದ್ರಾಸ್ ಕುರಿ ಅಪ್ಪಾ ಇದು. ನಿಮ್ಮ ಬಂಗಾರಪೇಟೆ ಕಡೆ ಸಿಕ್ಕಲ್ಲ," ಅಂದರು, ಮುಖ ಸ್ವಲ್ಪವೂ ಅಲುಗದೆ. ಆಂಟಿಗೆ ನಕ್ಕು ನಕ್ಕು ಕೆಮ್ಮು ಬಂತು. ಹೋಗುವಾಗ ಅಣ್ಣ ಜೇಬಿನಿಂದ ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುವರು. ಆ ಮೇಜಿನ ಮೇಲೆ ನಾವೆಲ್ಲ ಒಂದೇ ಅಂತ ನಾನು ತಿಳಿದಿದ್ದೆ. ದಡ್ಡತನ.

ವರ್ಷಗಳು ಹೀಗೇ ಹೋದವು. ಹಳೇ ಹೌಸ್ ಓನರ್ ತೀರಿಕೊಂಡು ಅವರ ಮಗ ಯಜಮಾನನಾದ. ಇನ್ಶೂರೆನ್ಸ್ ಅಣ್ಣನ ಮಗಳಿಗೆ ಗಂಡು ಹುಡುಕಲು ಶುರು ಮಾಡಿದ್ದರು. ಒಂದು ಬುಧವಾರ, ಅವರ ಹೆಂಡತಿ, ಮಗಳು ಭಜನೆಗೆ ಹೊರಡುವ ಮೊದಲೇ, ಹೇಳದೆ ಕೇಳದೆ ಗಂಡಿನ ಕಡೆಯವರು ಬಂದುಬಿಟ್ಟರು. ಆಂಟಿ ಆಗಷ್ಟೇ ಕುಕ್ಕರಿನ ಮುಚ್ಚಳ ತೆಗೆದಿದ್ದರು. ಹಿಂದಿನ ಪೋರ್ಷನ್ನಿಗೆ ಹೋಗುವ ದಾರಿ ಇರುವುದೇ ಆಂಟಿಯ ಅಡುಗೆಮನೆ ಪಕ್ಕದಲ್ಲಿ. ಹುಡುಗನ ತಾಯಿ ಸೆರಗು ಮೂಗಿಗೆ ಹಿಡಿದುಕೊಂಡು, "ಇದೇನು ವಾಸನೆ?" ಅಂದದ್ದು ಮಹಡಿಯ ಮೇಲಿದ್ದ ನಮಗೂ ಕೇಳಿಸಿತು. ಅಣ್ಣ ಏನು ಉತ್ತರ ಕೊಟ್ಟರೋ ಕೇಳಿಸಲಿಲ್ಲ.

ಭಾನುವಾರ ಓನರ್ ಮಗ ಬಂದು ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದ. ಇದು ಸಂಸಾರಸ್ಥರು ಇರುವ ಜಾಗ, ಆ ಅಡುಗೆ ನಿಲ್ಲಿಸಿ, ಇಲ್ಲ ಬೇರೆ ಮನೆ ನೋಡಿಕೊಳ್ಳಿ, ಅಂತ ತಮಿಳಿನಲ್ಲಿ ಆಂಟಿಗೆ ಹೇಳಿದ. ದೂರು ಯಾರದು ಅಂತ ಆಂಟಿ ಕೇಳಲಿಲ್ಲ. ಇನ್ಶೂರೆನ್ಸ್ ಅಣ್ಣ ತಾವಾಗಿಯೇ ಬಾಯಿ ಬಿಟ್ಟರು.

"ನನಗೊಂದೂ ಇಲ್ಲ ಆಂಟಿ. ಮನೇಲಿ ಹೆಂಗಸರಿಗೆ ಆ ಸ್ಮೆಲ್ ತಾಂಗಕ್ಕೆ, ತಡ್ಕೊಳಕ್ಕೆ ಆಗಲ್ಲ. ಅದು ಏನು ಅಂತಾನೇ ನಮಗೆ ಗೊತ್ತಿಲ್ಲ ನೋಡಿ."

ಗೊತ್ತಿಲ್ಲವಂತೆ. ನನಗೆ ಮೈಯೆಲ್ಲ ಉರಿಯಿತು. "ಅಣ್ಣ, ಹೋದ ಬುಧವಾರದ ಹಿಂದಿನ ಬುಧವಾರ..." ಅಂತ ಎದ್ದೆ.

"ಕೂತ್ಕೊ ಮ್ಯಾನ್," ಅಂದರು ಆಂಟಿ. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಓನರ್ ಮಗನ ಕಡೆ ತಿರುಗಿ, ಮನೆ ನೋಡಿಕೊಳ್ಳುತ್ತೇನೆ ಅಂದರು.

ಆ ಮನೆಗೆ ಅವರು ಮದುವೆಯಾಗಿ ಬಂದದ್ದು. ಗಂಡನ ಶವಪೆಟ್ಟಿಗೆ ಹೊರಟದ್ದು ಅದೇ ಬಾಗಿಲಿನಿಂದ. ಸಮಾಧಿ ಹತ್ತಿರದಲ್ಲೇ ಇತ್ತು, ಭಾನುವಾರ ಚರ್ಚ್ ಮುಗಿಸಿ ಹೂವು ಹಿಡಿದುಕೊಂಡು ನಡೆದೇ ಹೋಗುತ್ತಿದ್ದರು. ಅದನ್ನೆಲ್ಲ ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟರು. ನಾನು ಅವರ ಹಿಂದೆಯೇ ಅಡುಗೆಮನೆಗೆ ಹೋದೆ.

"ಯಾಕಾಂಟಿ ಬಾಯಿ ಮುಚ್ಚಿಸಿದ್ರಿ? ನಿಮ್ಮ ಮನೇಲಿ ತಿಂದೋನೇ ಅಲ್ವಾ ಅವ್ನು? ಒಂದು ಮಾತು ಅಂದಿದ್ರೆ ಮುಗೀತಿತ್ತು."

"ನನ್ನ ಟೇಬಲ್ಲಲ್ಲಿ ತಿಂದೋನು, ಅದಕ್ಕೇ. ಟೇಬಲ್ಲಲ್ಲಿ ತಿಂದಿದ್ದು ಅಂಗಳದಲ್ಲಿ ಹೇಳೋದಿಲ್ಲ ಮ್ಯಾನ್. ಆ ಹುಡುಗಿ ಮದುವೆ ಆಗ್ಲಿ. ಅವಳು ಏನು ಮಾಡಿದ್ಳು?"

ಕೇಳಿದವರಿಗೆ ಇದು ದೊಡ್ಡ ಮನಸ್ಸು ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಆ ಮರ್ಯಾದೆ ಪಡೆದುಕೊಂಡವನಿಗೆ ಅದರ ರುಚಿ ಗೊತ್ತಿತ್ತಾ? ಇವತ್ತಿಗೂ ನನಗೆ ಆ ಅಣ್ಣನ ಮೇಲೆ ಎಷ್ಟು ಸಿಟ್ಟಿದೆಯೋ ಆಂಟಿಯ ಮೇಲೂ ಅಷ್ಟೇ ಇದೆ.

ಮನೆ ಸಿಗುವ ತನಕ ಬುಧವಾರಗಳು ನಡೆದವು. ಆದರೆ ಆಂಟಿ ತುಂಡನ್ನು ಸಣ್ಣಗೆ ಹೆಚ್ಚಲು ಶುರು ಮಾಡಿದರು. ಕೆಂಪಗೆ ಹುರಿಯುವುದನ್ನು ಬಿಟ್ಟರು. ಕಿಟಕಿ ಮುಚ್ಚಿದರು. ಬೇಗ ಬೇಯುತ್ತದೆ, ವಾಸನೆ ಕಡಿಮೆ, ಅಂದರು. ಬಿಳೀ ತಟ್ಟೆ ಕಪಾಟಿನಲ್ಲಿ ಉಳಿಯಿತು, ಚಾಕು ಮೊಳೆಯ ಮೇಲೆ. ಕುಕ್ಕರಿನಿಂದ ಸೌಟಿನಲ್ಲಿ ಬಡಿಸುವಾಗ ನನಗೆ ನಮ್ಮಮ್ಮ ಬಾಗಿಲು ಮುಂದೆ ಮಾಡಿಕೊಂಡು ಕೂತದ್ದು ಕಣ್ಣಿಗೆ ಬರುತ್ತಿತ್ತು. ಅಷ್ಟು ದೂರ ಬಂದು ಮತ್ತೆ ಅಲ್ಲಿಗೇ...

ಕೊನೆಯ ಬುಧವಾರ ಸಾಮಾನೆಲ್ಲ ಕಟ್ಟಿ ಆಗಿತ್ತು. ನಾನೂ ನನ್ನ ಹೆಂಡತಿಯೂ ಊಟಕ್ಕೆ ಕೂತಿದ್ದೆವು. ಬಾಗಿಲು ತಟ್ಟಿದ ಸದ್ದು. ಇನ್ಶೂರೆನ್ಸ್ ಅಣ್ಣ.

"ತಪ್ಪು ತಿಳ್ಕೋಬೇಡಿ ಆಂಟಿ. ನನ್ನ ಸಿಚುವೇಶನ್..."

"ಊಟ ಆಯ್ತಾ?" ಅಂದರು ಆಂಟಿ.

ಆತ ನಿಂತರು, ನಮ್ಮನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ತಿಂದರು. ಇನ್ನೊಂದು ಸಲ ಹಾಕಿಸಿಕೊಂಡೂ ತಿಂದರು. ಹಾಕಿಸಿಕೊಳ್ಳುವಾಗ ಅಭ್ಯಾಸಬಲದಿಂದ, "ಮಟನ್ ನಲ್ಲಾ ಇದೆ," ಅಂದರು, ಚೆನ್ನಾಗಿದೆ ಅಂತ.

ಆಂಟಿ ಸೌಟು ಕೆಳಗಿಟ್ಟರು.

"ಮಟನ್ ಅಲ್ಲ ಮ್ಯಾನ್. ಬೀಫ್."

ಅಷ್ಟು ವರ್ಷದಲ್ಲಿ ಆ ಮೇಜಿನ ಮೇಲೆ ಅಣ್ಣನ ಮುಂದೆ ಆ ಹೆಸರು ಯಾರೂ ಎತ್ತಿರಲಿಲ್ಲ. ಅವರ ಕೈ ತಟ್ಟೆಯಲ್ಲೇ ನಿಂತಿತು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ತಲೆ ಬಗ್ಗಿಸಿಕೊಂಡು ತಟ್ಟೆ ಖಾಲಿ ಮಾಡಿದರು. ಆಮೇಲೆ ಏಲಕ್ಕಿ ಹುಡುಕಿಕೊಂಡರು.

ಆಂಟಿ ಆವಡಿಯ ಆಚೆ ತಮ್ಮ ತಂಗಿಯ ಮಗಳ ಮನೆಗೆ ಹೋದರು. ಆ ತಂಗಿಯ ಮಗಳನ್ನು ಕೊಟ್ಟಿದ್ದ ಮನೆಯಲ್ಲಿ ಬೀಫ್ ಮಾಡುತ್ತಿರಲಿಲ್ಲ. ನಾನು ಒಂದು ಸಲ ನೋಡಲು ಹೋಗಿದ್ದೆ. ಮೂಲೆಯ ಮಂಚದ ಮೇಲೆ ಕೂತಿದ್ದರು. ಮೊಸರನ್ನ ಕೊಡಿಸಿದರು. ಊಟ ಹೇಗೆ ಆಂಟಿ ಅಂತ ಕೇಳಿದೆ.

"ಚೆನ್ನಾಗಿ ನೋಡ್ಕೊಳ್ತಾರೆ. ಇಲ್ಲಿ ಬುಧವಾರ ಇಲ್ಲ, ಅಷ್ಟೇ."

ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮೇಲೆ. ಅಲ್ಲೇ ಹತ್ತಿರದಲ್ಲಿ ಹೂತರಂತೆ, ಗಂಡನ ಪಕ್ಕ ಅಲ್ಲ. ಇನ್ಶೂರೆನ್ಸ್ ಅಣ್ಣನ ಯಾವ ಮಗಳ ಮದುವೆಗಾಗಿ ಆಂಟಿ ಬಾಯಿ ಮುಚ್ಚಿಕೊಂಡರೋ ಅವಳ ಆ ಸಂಬಂಧವೂ ಕೂಡಿಬರಲಿಲ್ಲ. ಜಾತಕ ಸರಿಹೋಗಲಿಲ್ಲವಂತೆ.

ಕಳೆದ ವಾರ, ಆ ವಿನೆಗರ್ ಸವರಿದ ದಿನ, ಸಾಯಂಕಾಲ ಮಗಳು ಬಂದಳು. ನಾನು ಹೇಳಿದ ಹಾಗೇ ತುಂಡನ್ನು ಹೆಚ್ಚದೆ ಇಡಿಯಾಗಿ ಕೆಂಪಗೆ ಮಾಡಿದಳು. ಆಂಟಿಯ ಕಥೆ ಅವಳಿಗೆ ಹೇಳೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ, ಕುಕ್ಕರಿಗೆ ವೆಯಿಟ್ ಹಾಕುವ ಮುಂಚೆ, ಅವಳು ಹೋಗಿ ಅಡುಗೆಮನೆ ಕಿಟಕಿ ಎಳೆದು ಚಿಲಕ ಹಾಕಿದಳು. ಎದುರು ಬ್ಲಾಕಿನ ಕಿಟಕಿಗಳ ಕಡೆ ಒಂದು ಸಲ ನೋಡಿದಳು.

"ಯಾಕಮ್ಮ ಮುಚ್ಚಿದೆ?"

"ಚುಮ್ಮಾ ದಾಂಪ್ಪಾ," ಅಂದಳು. ಸುಮ್ಮನೆ ಅಪ್ಪ, ಅಂತ.

ಹಾಗೆ ಕಿಟಕಿ ಮುಚ್ಚುವುದನ್ನು ಅವಳಿಗೆ ನಾನೂ ಹೇಳಿಕೊಟ್ಟಿರಲಿಲ್ಲ, ಅವಳಮ್ಮನೂ ಹೇಳಿಕೊಟ್ಟಿರಲಿಲ್ಲ. ತುಂಡು ಚೆನ್ನಾಗಿಯೇ ಬೆಂದಿತ್ತು. ನಾನು ಎರಡು ತುತ್ತು ತಿಂದು ಕೈ ತೊಳೆದೆ. ಆಂಟಿಯ ಕಥೆಯನ್ನು ಇನ್ನೂ ಅವಳಿಗೆ ಹೇಳಿಲ್ಲ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಯಾರಾದರೂ ಇದನ್ನು ಅವಳಿಗೆ ಓದಿ ಹೇಳಬೇಕು.

ನೀವೂ ಯಾರದಾದರೂ ಇಂಥ ಮೇಜಿನಲ್ಲಿ ಉಂಡಿರಬಹುದು, ಆಮೇಲೆ ಆ ಮೇಜು ಇಲ್ಲವಾಗಿದ್ದನ್ನೂ ನೋಡಿರಬಹುದು. ಇದ್ದರೆ ಬರೆಯಿರಿ, ನಾನು ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ. ಒಂದೇ ಕೋರಿಕೆ. ಅಲ್ಲಿ ಏನು ತಿಂದಿರೋ ಅದನ್ನು ಅದರ ಹೆಸರು ಹಿಡಿದೇ ಬರೆಯಿರಿ.