ಹೆಡ್ಮಿಸ್ಸು ಹಿಂದುಮುಂದಾಗಿ ಕೇಳಿದ ಹಾಡುಗಳು

ನಮ್ಮ ಬೀದಿಯ ತುದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸನ್ನು ಅಂಗಡಿಯವರು ಅಕ್ಕ ಎಂದು ಕರೆಯುತ್ತಾರೆ. ಅವಳ ಮುಖವನ್ನೇ ಕಾಣದ ನೂರಾರು ಜನ ಹೆಡ್ಮಿಸ್ಸು ಎಂದು ಕರೆಯುತ್ತಾರೆ. ಎರಡನೆಯ ಹೆಸರು ಬಂದದ್ದು ಒಬ್ಬ ಗಾಯಕಿಯ ದೆಸೆಯಿಂದ. ಆ ಗಾಯಕಿಯ ಅಭಿಮಾನಿಗಳು ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಗುಂಪಿಗೆ ಯಾರನ್ನು ಸೇರಿಸಬೇಕು, ಯಾರ ಬಾಯಿ ಮುಚ್ಚಿಸಬೇಕು, ಯಾರನ್ನು ಹೊರಗೆ ಹಾಕಬೇಕು ಎಂದು ತೀರ್ಮಾನಿಸುವವಳು ಇವಳು.

ಅಭಿಮಾನಿ ಎಂದರೆ ಕುಣಿದಾಡುವವಳು ಎಂದುಕೊಳ್ಳಬೇಡಿ. ಇವಳು ನಗುವುದೇ ಅಪರೂಪ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಪಾದ ಊದಿಕೊಳ್ಳುವುದರಿಂದ ಗಂಡಸರ ಅಳತೆಯ ಚಪ್ಪಲಿ ಹಾಕುತ್ತಾಳೆ. ಅಂಗಡಿಯ ಮುಂಭಾಗದಲ್ಲಿ ಪ್ಲಾಸ್ಟಿಕ್ ಹೊದ್ದ ಕೋಟುಗಳು ತೂಗುತ್ತಿರುತ್ತವೆ, ಹಿಂದಿನ ಕೋಣೆಯಲ್ಲಿ ಬಾಯ್ಲರು ಕೆಮ್ಮುತ್ತಿರುತ್ತದೆ. ಗೋಡೆಯ ಫ್ಯಾನು ಬಿಸಿ ಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ದಾಟಿಸುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ಕೂತು ಹರಿದದ್ದು ಹೊಲಿಯುವ, ಗುಂಡಿ ಹಚ್ಚುವ ಮುದುಕಿಯೊಬ್ಬಳಿದ್ದಾಳೆ. ಅವಳು ಎಲ್ಲರಿಗೂ ಗುಂಡಿಯಜ್ಜಿ. ಗಂಜಿಪುಡಿಯ ಡಬ್ಬಗಳ ಪಕ್ಕದಲ್ಲಿ ಅಕ್ಕನ ಫೋನು, ಅದರಲ್ಲಿ ದಿನವಿಡೀ ಆ ಗಾಯಕಿಯ ಹಾಡು. ಮಾಲೀಕನಿಗೆ ಅದು ತಲೆನೋವು, ಗುಂಡಿಯಜ್ಜಿಗೆ ಜೋಗುಳ.

ಅಕ್ಕನಿಗೆ ಒಬ್ಬಳು ತಂಗಿ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಹೊದಿಕೆಯಡಿ ಒಂದೇ ರೇಡಿಯೋಗೆ ಕಿವಿಕೊಟ್ಟು ಈ ಗಾಯಕಿಯ ಮೊದಲ ಹಾಡುಗಳನ್ನು ಕೇಳಿದವರು. ಅವರ ತಾಯಿಗೆ ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದಲ್ಲೇ ಮಲಗಿದಾಗ, ಊಟದ ಬಿಡುವಿನಲ್ಲಿ ಮನೆಗೆ ಓಡಿ ಅವಳ ಮಗ್ಗುಲು ಬದಲಿಸಿ, ಬಟ್ಟೆ ಬದಲಿಸಿ, ತಾನು ಉಂಡೋ ಉಣ್ಣದೆಯೋ ಮತ್ತೆ ಇಸ್ತ್ರಿಗೆ ಬಂದು ನಿಂತವಳು ಅಕ್ಕ. ತಂಗಿ ಹಣ ಕಳಿಸಿದಳು, ಔಷಧದ ಹೆಸರು ಬರೆದು ಕಳಿಸಿದಳು, ತಾನು ಮಾತ್ರ ಬರಲಿಲ್ಲ. ಬಂದದ್ದು ಎಲ್ಲ ಮುಗಿದ ಮೇಲೆ. ಮಾರನೆಯ ದಿನ ಹೊರಟಳು.

"ಊರವರ ಅಮ್ಮಂದಿರ ಮಗ್ಗುಲು ಬದಲಿಸೋಕೆ ಅವಳಿಗೆ ಪುರುಸೊತ್ತಿದೆ" ಎಂದು ಅಕ್ಕ ಒಮ್ಮೆ ಗುಂಡಿಯಜ್ಜಿಯ ಹತ್ತಿರ ಹೇಳಿದ್ದುಂಟು. ತಂಗಿಯ ಹತ್ತಿರ ಏನೂ ಹೇಳಲಿಲ್ಲ. ಜಗಳವಾಗಲಿಲ್ಲ, ಮಾತು ನಿಂತಿತು. ಆದರೆ ತಂಗಿಯೂ ಆ ಗುಂಪಿನಲ್ಲಿದ್ದಳು. ಅಲ್ಲಿ ಅವಳ ಹೆಸರು ರಾತ್ರಿಪಾಳಿ. ಹಬೆಯಲ್ಲಿ ನಿಂತ ಅಕ್ಕ, ವಾರ್ಡಿನಲ್ಲಿ ನಿಂತ ತಂಗಿ, ಇಬ್ಬರೂ ಗುಂಪಿನಲ್ಲಿ ಯಾವ ಹಾಡಿನ ಪಲ್ಲವಿ ಹೆಚ್ಚು, ಯಾವ ಹಾಡಿನಲ್ಲಿ ಗಾಯಕಿಯ ಉಸಿರು ತಪ್ಪಿತು ಎಂದು ಚರ್ಚಿಸುತ್ತಿದ್ದರು. ಅವರು ಒಡಹುಟ್ಟಿದವರೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಗಾಯಕಿಯ ಹೊಸ ಆಲ್ಬಂ ಬರುತ್ತದೆ ಎಂಬ ಸುದ್ದಿ ಬಂತು. ಹೆಸರು 'ಹಿಂಬಾಗಿಲು'. ಗಾಯಕಿ ಸಂದರ್ಶನವೊಂದರಲ್ಲಿ ತಾನೇ ಹೇಳಿಕೊಂಡಳು: ಅಪ್ಪ ಹಾಸಿಗೆ ಹಿಡಿದಾಗ ನಾನು ಊರೂರು ತಿರುಗಿ ಹಾಡುತ್ತಿದ್ದೆ, ಅವನನ್ನು ನೋಡಿಕೊಂಡದ್ದು ನನ್ನ ಅಣ್ಣ, ಈ ಹಾಡುಗಳು ಅದರ ಬಗ್ಗೆ.

ಆ ಸಂಜೆಯೇ ತಂಗಿ ಗುಂಪಿನಲ್ಲಿ ಹಾಕದೆ ಅಕ್ಕನೊಬ್ಬಳಿಗೇ ಬರೆದಳು. "ಅಕ್ಕಾ, ಹಾಡು ಬಂದ ಮೇಲೆ ನೀನು ಏನು ಬರೀತೀಯೋ ನೋಡ್ತೀನಿ. ಅದನ್ನ ಓದಿದ ಮೇಲೆ ಮನೆಗೆ ಬರಲೋ ಬೇಡ್ವೋ ಅಂತ ಯೋಚ್ನೆ ಮಾಡ್ತೀನಿ."

ಅಕ್ಕ ಅದಕ್ಕೆ ಉತ್ತರ ಕೊಡಲಿಲ್ಲ. ಅಳಿಸಲೂ ಇಲ್ಲ.

ಗುಂಪಿನಲ್ಲಿ ಒಂದು ಪದ್ಧತಿ ಇತ್ತು, ಇವಳೇ ಮಾಡಿದ್ದು. ಹೊಸ ಆಲ್ಬಂ ಬಂದಾಗ ಹಾಡುಗಳ ಪಟ್ಟಿ ನೋಡಬಾರದು, ಹೆಸರು ಓದಬಾರದು. ಫೋನನ್ನು ಬೋರಲು ಹಾಕಿ, ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಕೇಳಬೇಕು. ಕೇಳಿದ ಕೂಡಲೇ, ಇನ್ನೊಬ್ಬರು ಬರೆದದ್ದನ್ನು ಓದುವ ಮುಂಚೆ, ಅನಿಸಿದ್ದನ್ನು ಬರೆಯಬೇಕು. "ಹೆಸರು ಓದಿದ್ರೆ ಕಿವಿ ಸೋಮಾರಿ ಆಗುತ್ತೆ" ಎನ್ನುವುದು ಅವಳ ವಾದ. ಹಾಡುಗಳ ಅನುಕ್ರಮದ ವಿಷಯದಲ್ಲಂತೂ ಅವಳು ಹಠಮಾರಿ. ನಡುವಿನ ಹಾಡನ್ನು ಮೊದಲು ಕೇಳಿದೆ ಎಂದ ಒಬ್ಬನನ್ನು ಒಂದು ವಾರ ಹೊರಗಿಟ್ಟಿದ್ದಳು. ಹೆಡ್ಮಿಸ್ಸು ಎಂಬ ಹೆಸರು ಬಿದ್ದದ್ದು ಆಗಲೇ.

ಆಲ್ಬಂ ಬಂದ ದಿನ ಒಂದು ಹೋಟೆಲಿನ ಹಾಸಿಗೆ ಬಟ್ಟೆಗಳು ರಾಶಿ ಬಿದ್ದಿದ್ದವು. ಅಕ್ಕ ಫೋನು ಬೋರಲು ಹಾಕಿ ಇಸ್ತ್ರಿ ಹಿಡಿದಳು.

"ಇವತ್ತು ಮಾತಾಡಿಸಬಾರದು, ಅಲ್ವೇನಮ್ಮಾ?" ಎಂದಳು ಗುಂಡಿಯಜ್ಜಿ.

"ಬೇಡಜ್ಜಿ."

"ಬೇರೆ ದಿನ ಏನು ಮಾತಿನ ಮಲ್ಲಿ ಆಗಿರ್ತೀಯಾ."

ಮೊದಲು ಬಂದದ್ದು ಬಾಗಿಲಿನ ಹಾಡು. ಗಾಯಕಿ ಅಣ್ಣನ ಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಕ್ಷಮೆ ಕೇಳಲು ಬಂದಿಲ್ಲ, ಬೈಸಿಕೊಳ್ಳಲು ಬಂದಿದ್ದೇನೆ, ಎನ್ನುತ್ತಾಳೆ. ಅಕ್ಕನ ಕೈ ಒಂದು ಕ್ಷಣ ನಿಂತಿತು, ಹೋಟೆಲಿನ ದಿಂಬಿನ ಚೀಲವೊಂದು ಕಂದಿತು. ಆಮೇಲೆ ಸಾವಿನ ಸುದ್ದಿಯ ಹಾಡು, ಊರು ಬಿಟ್ಟು ಹೊರಟ ಹುಮ್ಮಸ್ಸಿನ ಹಾಡು, ಬಸ್ಸಿನ ಹಾಡು, ಇನ್ನೂ ಕೆಲವು. ಎಲ್ಲಕ್ಕಿಂತ ಕೊನೆಗೆ ಬಂದ ಹಾಡು ಹೀಗಿತ್ತು: ನಾನು ಬಂದಿದ್ದರೂ ಏನು ಮಾಡುತ್ತಿದ್ದೆ, ನನಗೂ ಒಂದೇ ಜೀವ, ಆ ಕೋಣೆಯ ವಾಸನೆ ನನಗೆ ಆಗದು.

ಆ ಕೋಣೆಯ ವಾಸನೆ ಅಕ್ಕನಿಗೂ ಗೊತ್ತು. ಅವಳಿಗೂ ಅದು ಆಗುತ್ತಿರಲಿಲ್ಲ.

ಇಸ್ತ್ರಿಯನ್ನು ಕೊಕ್ಕೆಗೆ ಸಿಕ್ಕಿಸಿ, ಕೈ ಒರೆಸಿಕೊಂಡು, ನಿಂತಲ್ಲೇ ಬರೆದಳು. "ಮೊದಲು ಅತ್ತು ಆಮೇಲೆ ಸಮರ್ಥನೆ ಮಾಡಿಕೊಳ್ಳುವುದು ಪಶ್ಚಾತ್ತಾಪ ಅಲ್ಲ. ಬಾಗಿಲಿನ ಹಾಡು ನಮ್ಮನ್ನು ಒಲಿಸಿಕೊಳ್ಳುವ ಉಪಾಯ. ಕೊನೆಯ ಮಾತು ಯಾವುದೋ ಅದೇ ಮನಸ್ಸು. ಅವಳ ಕೊನೆಯ ಮಾತು, ವಾಸನೆ ಆಗುವುದಿಲ್ಲ ಎಂಬುದು. ಇಂಥವರು ಬಾಗಿಲಿಗೆ ಬರದಿದ್ದರೇ ವಾಸಿ."

ಗುಂಪು ಹೊತ್ತಿಕೊಂಡಿತು. ಪತ್ರಿಕೆಗಳೂ ಇಬ್ಭಾಗವಾಗಿದ್ದವು. ಒಂದು ಗಾಯಕಿಯ ಧೈರ್ಯವನ್ನು ಹೊಗಳಿತ್ತು, ಇನ್ನೊಂದು ಅಳುಬುರುಕುತನ ಎಂದಿತ್ತು. ಹೊಸದಾಗಿ ಸೇರಿದ ಒಬ್ಬ "ಅಪ್ಪನ ಸಾವಿಗೂ ಟಿಕೆಟ್ ಇಟ್ಟಳು" ಎಂದು ಬರೆದ. ಅದಕ್ಕೆ ಲಾರಿ ಓಡಿಸುವ ಹಳೆಯ ಸದಸ್ಯ, ಎಲ್ಲರೂ ಲಾರಿಯಣ್ಣ ಎನ್ನುವವನು, ಧ್ವನಿಯಲ್ಲೇ ಉತ್ತರ ಕಳಿಸಿದ: "ತಮ್ಮಾ, ನೀನು ನಿಮ್ಮಪ್ಪನಿಗೆ ಫೋನ್ ಮಾಡಿದ್ದು ಯಾವಾಗ ಹೇಳು. ಆಮೇಲೆ ಅವಳ ವಿಚಾರ ಮಾತಾಡೋಣ." ಅನೇಕರು ಹೆಡ್ಮಿಸ್ಸಿನ ಮಾತನ್ನೇ ಹಿಡಿದುಕೊಂಡರು. ಹಾಡುಗಳನ್ನು ಕೊನೆಯಿಂದ ಹಿಂದಕ್ಕೆ ಓದಿ ಗಾಯಕಿಯ ಬಣ್ಣ ಬಯಲು ಮಾಡಿದ್ದಾರೆ ಎಂದು ಒಬ್ಬಳು ಕೊಂಡಾಡಿದಳು. ಅಕ್ಕನಿಗೆ ಆ ಹೊಗಳಿಕೆ ಅರ್ಥವಾಗಲಿಲ್ಲ. ಅರ್ಥವಾಗದ ಹೊಗಳಿಕೆಯನ್ನು ಯಾರೂ ಕೆದಕಿ ನೋಡುವುದಿಲ್ಲ, ಇವಳೂ ನೋಡಲಿಲ್ಲ.

ರಾತ್ರಿಪಾಳಿ ಒಂದಕ್ಷರ ಬರೆಯದೆ ಗುಂಪು ಬಿಟ್ಟು ಹೋದಳು.

"ಹೋಗ್ಲಿ ಬಿಡಜ್ಜಿ" ಎಂದಳು ಅಕ್ಕ, ಯಾರೂ ಏನೂ ಕೇಳದಿದ್ದರೂ.

ಮುಂದಿನ ಒಂದೆರಡು ದಿನ ಅವಳು ಮಾಡಿದ ಇಸ್ತ್ರಿಯಲ್ಲಿ ತೋಳಿನ ಮೇಲೆ ಎರಡೆರಡು ಗೆರೆ ಬಿದ್ದಿದ್ದವು. ನನ್ನ ಬಟ್ಟೆಯಲ್ಲೂ ಇದ್ದವು. ವಾಪಸು ಕೊಟ್ಟೆ. ತೆಗೆದುಕೊಂಡು ರಾಶಿಯ ಮೇಲಿಟ್ಟಳು.

ಸತ್ಯ ಹೊರಬಿದ್ದದ್ದು ಲಾರಿಯಣ್ಣನಿಂದ. ಅವನು ದಾರಿಯುದ್ದಕ್ಕೂ ಆಲ್ಬಂ ಕೇಳುತ್ತಾ ಹೋಗಿದ್ದ, ಆಮೇಲೆ ಅವಳೊಬ್ಬಳಿಗೇ ಧ್ವನಿ ಕಳಿಸಿದ. ಇಂಜಿನ್ ಸದ್ದಿನ ನಡುವೆ ಅವನ ದನಿ. "ಹೆಡ್ಮಿಸ್ಸೇ, ತಪ್ಪು ತಿಳ್ಕೋಬೇಡಿ. ಬಾಗಿಲಿನ ಹಾಡು ಕೊನೇದಲ್ವಾ? ವಾಸನೆ ಹಾಡು ಎರಡನೇದು. ನೀವು ಮೊದಲು ಕೊನೆ ಅಂತೀರಲ್ಲ, ಅದೇನೋ ನಿಮ್ಮ ದೊಡ್ಡ ವಿಚಾರ ಅಂತ ಎಲ್ರೂ ತಲೆ ಆಡಿಸ್ತಿದ್ದಾರೆ. ನನಗೆ ಮಾತ್ರ ತಲೆ ಬುಡ ಗೊತ್ತಾಗ್ಲಿಲ್ಲ."

ಅಕ್ಕ ಫೋನನ್ನು ಮಗುಚಿ ನೋಡಿದಳು. ಹಾಡುಗಳು ತಾವಾಗಿಯೇ ಅದಲುಬದಲಾಗಿ ಬರುವ ಗುಂಡಿ ಒತ್ತಿಯೇ ಇತ್ತು. ಒತ್ತಿದವಳೂ ಅವಳೇ. "ಒಂದು ಹಾಡು ಮುಗಿಯೋ ಹೊತ್ತಿಗೆ ಮುಂದಿನದು ಯಾವುದು ಅಂತ ನನಗೂ ಬಾಯಿಪಾಠ ಆಗಿದೆ ಕಣಮ್ಮ, ಒಂದಿಷ್ಟು ಕಲಸಿಯಾದ್ರೂ ಹಾಕು" ಎಂದು ಮಾಲೀಕ ಯಾವಾಗಲೋ ಗೋಗರೆದಿದ್ದ. ಹಳೆಯ ಹಾಡುಗಳಿಗೆ ತಾನೇ ಎಂದು ಒತ್ತಿ ಮರೆತಿದ್ದಳು. ಫೋನನ್ನು ಬೋರಲು ಹಾಕದೆ ಯಾವ ಹಾಡು ಬರುತ್ತಿದೆ ಎಂದು ಬೇರೆ ಯಾರೇ ಆದರೂ ಕಣ್ಣು ಹಾಯಿಸುತ್ತಿದ್ದರು. ಅವಳದೇ ಪದ್ಧತಿ ಅವಳನ್ನು ಕುರುಡು ಮಾಡಿತ್ತು.

ಆ ಮಧ್ಯಾಹ್ನ ಆಲ್ಬಮನ್ನು ಸರಿಯಾದ ಸಾಲಿನಲ್ಲಿ ಕೇಳಿದಳು. ಹುಮ್ಮಸ್ಸಿನ ಹಾಡು, ವಾಸನೆಯ ಹಾಡು, ಬಸ್ಸು, ಸಾವಿನ ಸುದ್ದಿ, ಕೊನೆಗೆ ಬಾಗಿಲು. ಅವಳು ಅಳಲಿಲ್ಲ. ಗಾಯಕಿಯ ಮೇಲೆ ಅವಳಿಗೆ ಹೊಸ ಪ್ರೀತಿಯೂ ಹುಟ್ಟಲಿಲ್ಲ. "ಈಗಲೂ ಆ ವಾಸನೆ ಹಾಡು ಬರೀ ನೆಪಾನೇ" ಎಂದು ನನ್ನ ಹತ್ತಿರ ಹೇಳಿದಳು. "ಆದರೆ ನೆಪ ಹೇಳಿ ಸುಮ್ನೆ ಕೂತಿಲ್ಲ. ಅದನ್ನ ದಾಟಿ ನಡ್ಕೊಂಡು ಬಂದಿದ್ದಾಳೆ. ನಾನು ಬಂದವಳನ್ನ ವಾಪಸ್ ಕಳಿಸಿಬಿಟ್ಟೆ."

ಗುಂಪಿನಲ್ಲಿ ಬರೆದಳು: "ನಾನು ಹಾಡುಗಳನ್ನು ಹಿಂದುಮುಂದಾಗಿ ಕೇಳಿದ್ದೆ. ಬರೆದದ್ದು ತಪ್ಪು. ನನ್ನನ್ನು ಒಂದು ವಾರ ಹೊರಗಿಡಿ." ಯಾರಿಗೂ ನಂಬಿಕೆ ಬರಲಿಲ್ಲ. ಹಿಂದಿನಿಂದ ಓದಿದ್ದಾರೆ ಎಂದು ಕೊಂಡಾಡಿದವಳು ಇದೂ ಒಂದು ಆಳವಾದ ಮಾತು ಎಂದಳು. ಲಾರಿಯಣ್ಣ ಮಾತ್ರ "ಸರಿ, ಒಂದು ವಾರ" ಎಂದ.

ಅಷ್ಟು ಬರೆಯುವುದು ಸುಲಭವಿತ್ತು. ತಂಗಿಗೆ ಫೋನು ಮಾಡುವುದು ಸುಲಭವಿರಲಿಲ್ಲ. ಆ ನಂಬರಿಗೆ ಅವಳು ಕಡೆಯ ಬಾರಿ ಕರೆ ಮಾಡಿದ್ದು ತಾಯಿ ಹೋದ ಸುದ್ದಿ ಹೇಳಲು. ಗುಂಡಿಯಜ್ಜಿ ಎದುರಿಗೇ ಕೂತಿರಲಿ ಎಂದು ಅಂಗಡಿಯಿಂದಲೇ ಮಾಡಿದಳು.

"ನಾನು ಬರೆದಿದ್ದು ತಪ್ಪು. ಹಾಡು ಅದಲುಬದಲಾಗಿ ಬಂದಿತ್ತು" ಎಂದಳು ಅಕ್ಕ.

ಆ ಕಡೆ ಆಸ್ಪತ್ರೆಯ ಗದ್ದಲದಿಂದ ಆಚೆ ಸರಿದು ತಂಗಿ ಹೇಳಿದಳು: "ನೀನು ಹಾಡಿನ ಬಗ್ಗೆ ಬರೆದಿರ್ಲಿಲ್ಲ, ಅಕ್ಕಾ."

"ಇಲ್ಲ."

"ಮತ್ತೆ ಯಾವುದು ತಪ್ಪು?"

"ಬಾಗಿಲಿಗೆ ಬರದಿದ್ರೇ ವಾಸಿ ಅಂದಿದ್ದು. ಅದೊಂದು ತಪ್ಪು. ಮಿಕ್ಕಿದ್ದು ತಪ್ಪಲ್ಲ."

"ಗೊತ್ತು."

"ಬೈಯೋದು ಬೇಕಾದಷ್ಟಿದೆ ನನ್ನ ಹತ್ರ. ಫೋನಲ್ಲಿ ಬೈಯೋಕೆ ಆಗಲ್ಲ. ದಿನವಿಡೀ ನಿಂತಿರ್ತೀನಿ, ಉಸಿರು ಸಾಲಲ್ಲ. ಬಾ."

ಗುಂಡಿಯಜ್ಜಿ ಹಲ್ಲಿನಲ್ಲಿ ದಾರ ಕಡಿದಳು. "ಬರುವಾಗ ಅವಳಿಗೆ ಸರಿಯಾದ ಅಳತೆಯ ಚಪ್ಪಲಿ ತಾರಮ್ಮಾ" ಎಂದು ಫೋನಿಗೆ ಕೇಳುವಂತೆ ಹೇಳಿದಳು.

ತಂಗಿ ರಜೆ ಸಿಕ್ಕ ದಿನ ಬಂದಳು. ಮನೆಗೆ ಹೋಗುವ ಧೈರ್ಯ ಸಾಲದೆ ನೇರ ಅಂಗಡಿಗೇ ಬಂದಳು. ತೂಗುವ ಕೋಟುಗಳನ್ನು ಸರಿಸಿಕೊಂಡು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು. ಅಕ್ಕನ ಹಾಗೆಯೇ ಅವಳ ಕಾಲೂ ಊದಿಕೊಂಡಿತ್ತು. ಅಕ್ಕ ಅವಳನ್ನು ಕೂರಲು ಹೇಳಲಿಲ್ಲ. ಹೋಟೆಲಿನ ದೊಡ್ಡ ಹಾಸಿಗೆ ಬಟ್ಟೆಯ ಒಂದು ತುದಿಯನ್ನು ಚಾಚಿದಳು. ಅದನ್ನು ಮಡಿಸಲು ಇಬ್ಬರು ಬೇಕು, ಎಂದಿನಂತೆ ಮಾಲೀಕನನ್ನು ಕರೆಯುವ ಬದಲು ಎದುರಿಗಿದ್ದವಳಿಗೆ ಕೊಟ್ಟಳು.

ತಂಗಿ ಆಸ್ಪತ್ರೆಯ ಅಭ್ಯಾಸದಂತೆ ಮೂಲೆಯನ್ನು ಒಳಕ್ಕೆ ಮಡಚಿದಳು.

"ಹಾಗಲ್ಲ. ಅಂಚಿಗೆ ಅಂಚು" ಎಂದಳು ಅಕ್ಕ. "ಅಮ್ಮನ ಹಾಸಿಗೆ ಬಟ್ಟೆ ಒಂದೇ ಒಂದು ಸಲ ಮಡಿಸಿದ್ದಿದ್ರೆ ಗೊತ್ತಿರ್ತಿತ್ತು."

ತಂಗಿ ಬಿಚ್ಚಿ, ಅಂಚಿಗೆ ಅಂಚು ಸೇರಿಸಿದಳು. ಅಲ್ಲಿಂದ ಬೈಗುಳ ಶುರುವಾಯಿತು. ದನಿ ಏರಲಿಲ್ಲ, ಒಂದು ಬಟ್ಟೆ ಮುಗಿದರೆ ಮುಂದಿನದು. ಊಟದ ಬಿಡುವಿನಲ್ಲಿ ಓಡಿದ ದಿನಗಳು, ಔಷಧದ ಹೆಸರಷ್ಟೇ ಬರೆದ ಆ ಸಂದೇಶಗಳು, ತಾಯಿ ಕಡೆಕಡೆಗೆ ಅಕ್ಕನನ್ನು ಕಿರಿಯಳ ಹೆಸರಿನಿಂದಲೇ ಕರೆದದ್ದು. ತಂಗಿ ನೆಪ ಹೇಳದೆ ಮುಂದಿನ ಬಟ್ಟೆಯ ಅಂಚು ಹಿಡಿಯುತ್ತಾ ಹೋದಳು. ಮಾಲೀಕ ಒಮ್ಮೆ ಇಣುಕಿ, ಹೊರಗೇ ಉಳಿದ.

ರಾಶಿ ಅರ್ಧಕ್ಕೆ ಬಂದಾಗ ಅಕ್ಕ ನಿಂತಳು. ಬೈಗುಳ ಮುಗಿದಿರಲಿಲ್ಲ, ಅವಳಿಗೆ ಸುಸ್ತಾಗಿತ್ತು.

"ಉಳಿದದ್ದು?" ಎಂದಳು ತಂಗಿ.

"ನಾಳೆ" ಎಂದು ಅಕ್ಕ ಖಾಲಿ ಬಿದ್ದಿದ್ದ ಇನ್ನೊಂದು ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿದಳು.